ಮೇಲುಕೋಟೆಯ ಸೀಮೆಯಲ್ಲಿ ಮುಂದಾಳ್ತನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲೂಕುಗಳು ಮಂಡ್ಯ ಜಿಲ್ಲೆಗೆ ಸೇರಿದ್ದು 1939ರಲ್ಲಿ. ಅದಕ್ಕೆ ಮುಂಚೆ ಇವು ಮೈಸೂರು ಜಿಲ್ಲೆಯ ಭಾಗಗಳಾಗಿದ್ದವು. ಪಾಂಡವಪುರಕ್ಕೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ, ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆಯೆಂದೂ ಹೆಸರಿದ್ದ ಕಾಲವನ್ನು ಹಳೆಯ ದಾಖಲೆಗಳು ನೆನಪಿಸುತ್ತವೆ. ನಾಗಮಂಗಲದ ಕಂಬದಹಳ್ಳಿಯಲ್ಲಿ ಜೈನರ ಪಂಚಕೂಟ ಬಸದಿ, ಆದಿಚುಂಚನಗಿರಿಯಲ್ಲಿ ನಾಥಪಂಥದ ಭೈರವಕ್ಷೇತ್ರ, ಮೇಲುಕೋಟೆಯಲ್ಲಿ ಶ್ರೀವೈಷ್ಣವರ ತಿರುನಾರಾಯಣ, ಕೃಷ್ಣರಾಜಪೇಟೆಯ ಕಾಪನಹಳ್ಳಿಯಲ್ಲಿ ವಿರಕ್ತರ ಗವಿಮಠ, ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿ ಮತ್ತು ಅದಕ್ಕೆ ಅನತಿದೂರದಲ್ಲೇ ಟಿಪ್ಪುವಿನ ಕಾಲದ ಮಸೀದಿ. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ಮತಪಂಥಗಳು ನೆಲೆ ಕಂಡುದು ಕೇವಲ ಆಕಸ್ಮಿಕವೆನ್ನಲಾಗದು. ಪ್ರತಿಯೊಂದು ಪಂಥವೂ ಇಲ್ಲಿ ತನ್ನ ಮುಂದಾಳುಗಳನ್ನು ಬೆಳೆಸಿತು. ಊರಿನಿಂದ ಊರಿಗೆ ತನ್ನ ಬಳಕೆಯ ದಾರಿಗಳನ್ನು ನಿರ್ಮಿಸಿಕೊಂಡಿತು. ಆ ದಾರಿಗಳಲ್ಲಿ ಯಾರು ನಡೆದರು, ಯಾರು ಹೊರಗುಳಿದರು ಎಂಬುದನ್ನು ವಿಚಾರಿಸಿದಲ್ಲಿ ಈ ನೆಲದ ಸಾಮಾಜಿಕ ಇತಿಹಾಸದ ಬಹುಭಾಗ ತೆರೆದುಕೊಳ್ಳುತ್ತದೆ.

ಕಾಲಕ್ರಮದಲ್ಲಿ ಮೊದಲು ನಿಲ್ಲುವುದು ಮೇಲುಕೋಟೆ. ಚೋಳನ ಉಪದ್ರವದಿಂದ ಹೊಯ್ಸಳ ನಾಡಿಗೆ ಬಂದ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ ಕೆಲಕಾಲವಿದ್ದು, ಅನಂತರ ಯದುಗಿರಿಯಲ್ಲಿ ತಿರುನಾರಾಯಣನ ಪ್ರತಿಷ್ಠೆಯನ್ನು ಮಾಡಿದರೆಂಬುದು ಸಂಪ್ರದಾಯದ ಕಥನ. ಈ ಘಟನೆಗಳ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಸಮಾಜದ ದೃಷ್ಟಿಯಿಂದ ತಿಥಿವಾರಗಳಿಗಿಂತ ಮುಖ್ಯವಾದ ಒಂದು ಸಂಗತಿ ಈ ಕಥನದಲ್ಲಿದೆ. ಉತ್ಸವಮೂರ್ತಿಯನ್ನು ಉತ್ತರದಿಂದ ತರುವ ಕಾರ್ಯದಲ್ಲಿ ಆಚಾರ್ಯರಿಗೆ ನೆರವಾದವರು ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿರಿಸಿದ್ದ ಜನ. ಅವರಿಗೆ 'ತಿರುಕುಲದವರು' ಎಂಬ ಗೌರವದ ಹೆಸರನ್ನಿತ್ತು, ವರ್ಷದಲ್ಲಿ ಮೂರು ದಿನ ದೇವಾಲಯವನ್ನು ಪ್ರವೇಶಿಸುವ ಅಧಿಕಾರವನ್ನು ಆಚಾರ್ಯರು ಕೊಟ್ಟರೆಂದು ಪ್ರತೀತಿ. ಈ ಮೂರು ದಿನಗಳ ಪದ್ಧತಿ ಕೇವಲ ಕಥೆಯಲ್ಲ. ಆಂಗ್ಲ ಆಡಳಿತಕಾಲದ ಗ್ಯಾಸೆಟಿಯರು ಹಾಗೂ ಕುಲಶಾಸ್ತ್ರ ಗ್ರಂಥಗಳು ಅದನ್ನು ದಾಖಲಿಸಿವೆ.

ಇದನ್ನು ಎರಡು ಬಗೆಯಾಗಿ ಓದಬಹುದು. 12ನೆಯ ಶತಮಾನದ ಆಸುಪಾಸಿನಲ್ಲಿ ಮುಚ್ಚಿದ್ದ ಬಾಗಿಲು ಮೂರು ದಿನವಾದರೂ ತೆರೆಯಿತೆಂಬುದು ಒಂದು ಓದು. ತೆರೆದ ಬಾಗಿಲು ಉಳಿದ ಮುನ್ನೂರರುವತ್ತೆರಡು ದಿನ ಮುಚ್ಚಿಯೇ ಇತ್ತೆಂಬುದು ಇನ್ನೊಂದು. ಆಚಾರ್ಯರು ಕೊಟ್ಟುದನ್ನು ಅನಂತರದವರು ಹಿಗ್ಗಿಸಲಿಲ್ಲ. ದೇವಾಲಯದ ಆಡಳಿತಕ್ಕೆಂದು ಐವತ್ತಿಬ್ಬರನ್ನು ನೇಮಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆ ಐವತ್ತಿಬ್ಬರ ಮನೆತನಗಳು ಪರಂಪರೆಯಾಗಿ ಮುಂದುವರಿದವು, ವಿದ್ಯೆಯನ್ನು ಬೆಳೆಸಿದವು. ತಿರುಕುಲದವರಿಗೆ ಹೆಸರು ದೊರೆಯಿತು, ಉತ್ಸವದಲ್ಲಿ ಮರ್ಯಾದೆ ದೊರೆಯಿತು. ಆಡಳಿತದಲ್ಲಿ ಪಾಲು ದೊರೆಯಲಿಲ್ಲ. ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ 1950ರಲ್ಲಿ ಜಾರಿಗೆ ಬರುವವರೆಗೆ ಎಂಟು ಶತಮಾನಗಳಿಗೂ ಮಿಗಿಲಾದ ಅವಧಿ ಸಂದುಹೋಗಬೇಕಾಯಿತು. ಒಬ್ಬ ಮಹಾಪುರುಷನ ಔದಾರ್ಯ ಎಷ್ಟೇ ದೊಡ್ಡದಿರಲಿ, ಅದನ್ನು ಮುಂದೊಯ್ಯುವ ಕೈಗಳು ಹಿಂದುಳಿದವರ ನಡುವಿನಿಂದಲೇ ಸಿದ್ಧವಾಗದಿದ್ದರೆ ಅದು ಉತ್ಸವದ ವಿಧಿಯಾಗಿ ನಿಂತುಬಿಡುತ್ತದೆ ಎಂಬುದಕ್ಕೆ ಮೇಲುಕೋಟೆ ಸ್ಪಷ್ಟವಾದ ನಿದರ್ಶನ.

ಮೇಲುಕೋಟೆಯ ವ್ಯವಸ್ಥೆ ಒಂದು ಬೆಟ್ಟದ ಮೇಲಿನ ಒಂದು ದೇವಾಲಯವನ್ನು ಕೇಂದ್ರವಾಗಿ ಉಳ್ಳದ್ದು. ಇದಕ್ಕಿಂತ ಭಿನ್ನವಾದ ಬಗೆಯೊಂದು 15-16ನೆಯ ಶತಮಾನಗಳಲ್ಲಿ ಇದೇ ಸೀಮೆಯ ಅಂಚಿನಲ್ಲಿ ಕಾಣಿಸಿಕೊಂಡಿತು. ನಾಗಮಂಗಲಕ್ಕೆ ಹೊಂದಿಕೊಂಡ ಕುಣಿಗಲು ತಾಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗಯತಿಗಳ ಐಕ್ಯಸ್ಥಾನ. ಹರದನಹಳ್ಳಿಯ ಗೋಸಲ ಪರಂಪರೆಯಲ್ಲಿ ಬಂದ ಈ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಸ್ಸನ್ನಾಚರಿಸಿದುದರಿಂದ 'ತೋಂಟದ' ಎಂಬ ವಿಶೇಷಣವನ್ನು ಪಡೆದರು. ಇವರೊಡನೆ ಏಳುನೂರೊಂದು ಮಂದಿ ವಿರಕ್ತರು ಸಂಚರಿಸಿದರೆಂದು ಪುರಾಣಗಳು ಸಾರುತ್ತವೆ. ಸಂಖ್ಯೆಯನ್ನು ಅಕ್ಷರಶಃ ಗ್ರಹಿಸಬೇಕಾದ ಅವಶ್ಯಕತೆಯಿಲ್ಲ. ಇವರ ಷಟ್ಸ್ಥಲಜ್ಞಾನಸಾರಾಮೃತದ ವಚನಗಳ ಎಣಿಕೆಯೂ ಏಳುನೂರೊಂದೇ ಎಂಬುದನ್ನು ನೆನೆದರೆ ಆ ಸಂಖ್ಯೆಗೆ ಸಾಂಕೇತಿಕ ಮಹತ್ತ್ವವಿದ್ದಿತೆಂದು ಊಹಿಸಬಹುದು. ಸಂಖ್ಯೆ ಏನೇ ಇರಲಿ, ಚರಿಸುತ್ತಲೇ ಶಿಷ್ಯರನ್ನು ಸಿದ್ಧಪಡಿಸುವ, ಸಿದ್ಧರಾದ ಶಿಷ್ಯರನ್ನು ಒಂದೊಂದು ಸ್ಥಳದಲ್ಲಿ ನೆಲೆಗೊಳಿಸುವ ಕ್ರಮವೊಂದು ಇಲ್ಲಿ ರೂಪುಗೊಂಡಿತೆಂಬುದರಲ್ಲಿ ಸಂದೇಹವಿಲ್ಲ.

ಆ ಕ್ರಮದ ಫಲವನ್ನು ಕೃಷ್ಣರಾಜಪೇಟೆಯ ಸಮೀಪದ ಕಾಪನಹಳ್ಳಿಯಲ್ಲಿ ಕಾಣಬಹುದು. ಗಜರಾಜಗಿರಿಯೆಂದೂ ಕರೆಯಲ್ಪಡುವ ಈ ಸ್ಥಳ ಸ್ವತಂತ್ರ ಸಿದ್ಧಲಿಂಗೇಶ್ವರರ ನೆಲೆ. ತೋಂಟದ ಸಿದ್ಧಲಿಂಗಯತಿಗಳ ಶಿಷ್ಯವರ್ಗಕ್ಕೆ ಸೇರಿದ ಇವರು 'ನಿಜಗುರು ಸ್ವತಂತ್ರಸಿದ್ಧಲಿಂಗೇಶ್ವರ' ಎಂಬ ಅಂಕಿತದಲ್ಲಿ ನಾಲ್ಕುನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಜಂಗಮರಗಳೆ, ಮುಕ್ತ್ಯಾಂಗನಾ ಕಂಠಮಾಲೆ ಎಂಬ ಕೃತಿಗಳೂ ಇವರವು. ಕಲ್ಯಾಣದಿಂದ ನೂರಾರು ಹರದಾರಿ ದೂರದ, ಹೇಮಾವತಿಯ ಸೀಮೆಯ ಒಂದು ಗ್ರಾಮದಲ್ಲಿ, ಕಲ್ಯಾಣಕ್ರಾಂತಿಯ ನಾಲ್ಕು ಶತಮಾನಗಳ ತರುವಾಯ ವಚನರಚನೆ ಮತ್ತೆ ಚಿಗುರಿತೆಂದರೆ ಅದಕ್ಕೆ ವ್ಯಕ್ತಿಪ್ರತಿಭೆಯೊಂದೇ ಕಾರಣವಾಗಲಾರದು. ಹಿಂದಿನ ವಚನಗಳು ಓಲೆಗರಿಗಳಲ್ಲಿ ಪ್ರತಿಯಾಗಿ ಊರೂರಿಗೆ ತಲುಪಿರಬೇಕು. ಪ್ರತಿ ಮಾಡುವವರಿಗೆ ಅನ್ನ, ಇರುವೆಡೆ ದೊರೆತಿರಬೇಕು. ಸಂಚರಿಸುವ ಚರಮೂರ್ತಿಗೆ ಪ್ರತಿ ಊರಿನಲ್ಲೂ ಭಕ್ತನ ಮನೆಯೊಂದು ತೆರೆದಿರಬೇಕು. ಶೂನ್ಯಸಂಪಾದನೆಯ ಪರಿಷ್ಕರಣಗಳನ್ನು ಸಿದ್ಧಗೊಳಿಸಿದ ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಈ ಪರಂಪರೆಯವರೇ. ಸಾಹಿತ್ಯದ ವಿದ್ಯಾರ್ಥಿಗಳು ಶೂನ್ಯಸಂಪಾದನೆಯನ್ನು ಸಂವಾದಕಾವ್ಯವೆಂದು ಓದುವುದು ಸಹಜ. ಆದರೆ ಪ್ರಶ್ನೆ ಕೇಳುವ ಶಿಷ್ಯನನ್ನು ಪಳಗಿಸುವ ಪಠ್ಯವಾಗಿಯೂ ಅದು ಮಠಗಳಲ್ಲಿ ಬಳಕೆಯಾಗಿರಬೇಕೆಂಬುದು ಅದರ ರಚನೆಯಿಂದಲೇ ತೋರುತ್ತದೆ: ಅಲ್ಲಿ ಗುರುವೆನಿಸಿದ ಪ್ರಭುವಿನ ಎದುರು ಯಾರೂ ಪ್ರಶ್ನೆಯಿಲ್ಲದೆ ತಲೆಬಾಗುವುದಿಲ್ಲ, ಯಾರ ಅನುಭವವೂ ಪರೀಕ್ಷೆಯಿಲ್ಲದೆ ಮಾನ್ಯವಾಗುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನು ಹೇಳದಿರುವುದು ನ್ಯಾಯವಲ್ಲ. ಕಲ್ಯಾಣದಲ್ಲಿ ಕಾಯಕದ ಮಡಿವಾಳ, ಅಂಬಿಗ, ಸಮಗಾರ, ನುಲಿಯರ ಜೊತೆಗೆ ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದ ಶರಣೆಯರ ದನಿಗಳು ಕೇಳಿಬಂದವು. ವಿರಕ್ತಪರಂಪರೆಯ ಪುನರುಜ್ಜೀವನದಲ್ಲಿ ಶರಣೆಯರ ವಚನಗಳು ಉಳಿದವು, ಹೊಸ ಶರಣೆಯರು ಮಾತ್ರ ಹೆಚ್ಚಾಗಿ ಹುಟ್ಟಲಿಲ್ಲ. ಮಠ ಸ್ಥಿರವಾದಷ್ಟೂ ಅದರ ಮುಂದಾಳ್ತನ ಪುರುಷರದಾಯಿತು, ಗೃಹಸ್ಥ ಕಾಯಕಜೀವಿ ದಾಸೋಹದ ಪಂಕ್ತಿಯಲ್ಲಿ ಕುಳಿತನೇ ಹೊರತು ಚರ್ಚೆಯ ಪಂಕ್ತಿಯಲ್ಲಿ ವಿರಳವಾದನು. ವಚನಗಳನ್ನು ಕಾಪಾಡಿದ ಕೈಗಳ ಋಣ ದೊಡ್ಡದು. ಕಾಪಾಡುವಾಗ ಬಿಟ್ಟುಹೋದುದೂ ಚಿಕ್ಕದಲ್ಲ.

1610ರಿಂದ 1799ರವರೆಗೆ ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲದ ಯುದ್ಧವಿಗ್ರಹಗಳು ಇಲ್ಲಿ ಅಪ್ರಸ್ತುತ. ಆ ಕಾಲವನ್ನು ದಾಟಿ ಉಳಿದುಬಂದುದು ಗ್ರಾಮದ ಕೈಂಕರ್ಯವ್ಯವಸ್ಥೆ: ಪಟೇಲ, ಶಾನುಭೋಗ, ತಳವಾರ, ತೋಟಿ, ಕಾಲುವೆಯ ನೀರನ್ನು ಗದ್ದೆಗದ್ದೆಗೆ ಹಂಚುವ ನೀರುಗಂಟಿ. ಇವೆಲ್ಲ ವಂಶಪಾರಂಪರ್ಯವಾದ ಹುದ್ದೆಗಳು. ಊರಿನ ಮುಂದಾಳು ತೊಟ್ಟಿಲಲ್ಲೇ ನಿಶ್ಚಯವಾಗುತ್ತಿದ್ದನು. ಗ್ರಾಮಾಧಿಕಾರಗಳ ರದ್ದತಿಯ ಶಾಸನ 1961ರಲ್ಲಿ ಬರುವವರೆಗೂ ಈ ವ್ಯವಸ್ಥೆಗೆ ಕಾನೂನಿನ ಬೆಂಬಲವಿತ್ತು.

ಆದರೆ ಕಾನೂನಿಗಿಂತ ಮುಂಚೆಯೇ ನೀರು ಆ ವ್ಯವಸ್ಥೆಯನ್ನು ಅಲುಗಿಸಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ 1930ರ ದಶಕದ ಆರಂಭಕ್ಕೆ ಮುಗಿಯುತ್ತ ಬಂದಿತ್ತು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಅಂದಿನ ವೈಸರಾಯ್ ಇರ್ವಿನ್ನರ ಹೆಸರಿನಲ್ಲಿ, ಹುಲಿಕೆರೆಯ ಸುರಂಗದ ಮೂಲಕ ನಾಲೆ ಮಂಡ್ಯದ ಬಯಲಿಗೆ ಹರಿಯಿತು. ಇಂದು ಅದು ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಇದೇ ಅವಧಿಯಲ್ಲಿ ಜಗತ್ತಿನ ಆರ್ಥಿಕ ಕುಸಿತದಿಂದ ದವಸಧಾನ್ಯಗಳ ಬೆಲೆ ನೆಲಕಚ್ಚಿತ್ತು. ಹೊಸದಾಗಿ ನೀರು ಕಂಡ ರೈತನ ಮೇಲೆ ನೀರಿನ ಕಂದಾಯವೂ ವಂತಿಗೆಯೂ ಒಟ್ಟಿಗೆ ಬಿದ್ದವು. ಯಾವ ಗದ್ದೆಯಲ್ಲಿ ಯಾವ ವರ್ಷ ಏನು ಬೆಳೆಯಬೇಕೆಂಬುದನ್ನೂ ಸರ್ಕಾರವೇ ಗೊತ್ತುಪಡಿಸತೊಡಗಿತು. 1931-32ರಲ್ಲಿ ಇರ್ವಿನ್ ನಾಲಾ ಪ್ರದೇಶದ ರೈತರು ಎಚ್. ಕೆ. ವೀರಣ್ಣಗೌಡರೇ ಮೊದಲಾದವರ ಮುಂದಾಳ್ತನದಲ್ಲಿ ಚಳವಳಿ ಹೂಡಿದರು.

ಈ ಚಳವಳಿಯ ವೈಶಿಷ್ಟ್ಯವನ್ನು ಗುರುತಿಸಬೇಕು. ಒಂದು ಊರಿನ ಕೆರೆಯ ನೀರು ಕೆಟ್ಟರೆ ಆ ಊರಿನ ಪಟೇಲನ ಬಳಿ ದೂರು ಒಯ್ಯಬಹುದಿತ್ತು. ಮೂವತ್ತು ಊರುಗಳನ್ನು ಹಾದುಬರುವ ನಾಲೆಯ ವಿಷಯದಲ್ಲಿ ಒಬ್ಬ ಪಟೇಲನಿಂದ ಆಗುವುದೇನೂ ಇಲ್ಲ. ನಾಲೆಯ ತಲೆಯ ಊರು, ನಡುವಿನ ಊರು, ಕೊನೆಯ ಊರುಗಳ ರೈತರು ಒಂದೆಡೆ ಕುಳಿತು ಮಾತಾಡಲೇಬೇಕಾಯಿತು. ಹುಟ್ಟಿನಿಂದ ಬಂದ ಹುದ್ದೆಯಿಲ್ಲದೆ, ಮಾತು ಮತ್ತು ತಿಳಿವಳಿಕೆಯ ಬಲದಿಂದ ಮುಂದೆ ಬಂದ ರೈತಮುಖಂಡನೆಂಬ ಹೊಸ ಬಗೆಯ ಮನುಷ್ಯ ಈ ಸೀಮೆಯಲ್ಲಿ ಕಾಣಿಸಿಕೊಂಡುದು ಆಗ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು ನಿಷೇಧವನ್ನು ಮೀರಿ ಧ್ವಜ ಹಾರಿದಾಗ ಹಳ್ಳಿಗಳಿಂದ ಸಹಸ್ರಾರು ಜನ ಬಂದು ನೆರೆದುದಕ್ಕೆ ನಾಲೆಯ ಚಳವಳಿ ಹಾಸಿಕೊಟ್ಟಿದ್ದ ಪರಿಚಯಗಳು ನೆಲಗಟ್ಟಾದವೆಂದರೆ ತಪ್ಪಾಗಲಾರದು.

ವಿದ್ಯಾರ್ಥಿನಿಲಯಗಳ ಪಾತ್ರವೂ ಇದರ ಜೊತೆಗೇ ಬರುತ್ತದೆ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸುಗಳಿಂದ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯ ಹಾದಿ ತೆರೆಯಿತಾದರೂ, ಹಳ್ಳಿಯ ಹುಡುಗ ಮೈಸೂರಿನಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಜಾತಿಸಂಘಗಳೂ ಮಠಗಳೂ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಉಚಿತ ವಿದ್ಯಾರ್ಥಿನಿಲಯ ಅಂಥದೊಂದು. 1974ರಲ್ಲಿ ಪೀಠವನ್ನೇರಿದ ಬಾಲಗಂಗಾಧರನಾಥ ಸ್ವಾಮಿಗಳು ಆದಿಚುಂಚನಗಿರಿಯಿಂದ ಶಾಲೆ, ಕಾಲೇಜುಗಳ ದೊಡ್ಡ ಜಾಲವನ್ನೇ ನಿರ್ಮಿಸಿ, ನಾಗಮಂಗಲದಂಥ ಬರಡು ಸೀಮೆಗೆ ವೈದ್ಯಕೀಯ ಕಾಲೇಜನ್ನು ತಂದರು. ಅನ್ನ ಮತ್ತು ಅಕ್ಷರ ಒಂದೇ ಸೂರಿನಡಿ ದೊರೆತುದರಿಂದ ಒಂದು ತಲೆಮಾರೇ ಮೇಲೆದ್ದಿತು.

ಬರಡು ಸೀಮೆ ಎಂಬ ಮಾತು ಬಂದುದರಿಂದ ನಾಲ್ಕು ತಾಲೂಕುಗಳ ಒಳಭೇದವನ್ನು ಗಮನಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರಗಳ ಬಹುಭಾಗ ಕಾವೇರಿಯ ನಾಲೆಗಳ ಕೃಪೆಗೆ ಪಾತ್ರವಾಯಿತು. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಮೇಡುಗಳು ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳು ಬರುವವರೆಗೆ ಮಳೆಯನ್ನೇ ನಂಬಿದ್ದವು. ಅಲ್ಲಿಯ ಜನ ಹೊಟ್ಟೆಪಾಡಿಗಾಗಿ ಮುಂಬಯಿಗೆ, ಬೆಂಗಳೂರಿಗೆ ಹೋದರು. 2020ರ ಮಹಾಮಾರಿಯ ದಿನಗಳಲ್ಲಿ ಮುಂಬಯಿಯಿಂದ ಕೃಷ್ಣರಾಜಪೇಟೆಗೆ ಮರಳಿದವರ ಸಾಲನ್ನು ಕಂಡಾಗಲೇ ಆ ವಲಸೆಯ ಗಾತ್ರ ಅನೇಕರ ಅರಿವಿಗೆ ಬಂದುದು.

ನೀರು ಮುಂದಾಳ್ತನದ ಮೇಲೆ ಮಾಡುವ ಪರಿಣಾಮವನ್ನು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯ ಸಮೀಪದ ಎರಡು ಗ್ರಾಮಗಳಲ್ಲಿದ್ದು ಪರಿಶೀಲಿಸಿದರು. 1962ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನೀರಾವರಿಯ ಗ್ರಾಮಕ್ಕೆ ವಂಗಳ, ಒಣಭೂಮಿಯ ಗ್ರಾಮಕ್ಕೆ ದಲೇನ ಎಂಬ ಕಲ್ಪಿತನಾಮಗಳಿವೆ. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೆಯೇ ಉಳಿಯುತ್ತದೆ ಎಂಬುದು ಸಾಮಾನ್ಯ ನಿರೀಕ್ಷೆ. ಅವರು ಕಂಡುದು ಇದಕ್ಕೆ ವಿರುದ್ಧ. ನೀರು ಬಂದ ಊರಿನಲ್ಲಿ ವ್ಯವಸಾಯವೇ ಲಾಭದಾಯಕವಾದುದರಿಂದ ಹಳೆಯ ಯಜಮಾನಿಕೆ, ಹಳೆಯ ಆಳುಕಾಳಿನ ಸಂಬಂಧಗಳು ಹೊಸ ಹಣದಿಂದ ಇನ್ನಷ್ಟು ಗಟ್ಟಿಯಾದವು. ನೀರು ಬಾರದ ಊರಿನವರು ಕಾರ್ಖಾನೆ, ವ್ಯಾಪಾರ, ಗುತ್ತಿಗೆ, ನೌಕರಿಗಳೆಂದು ಹೊರಗೆ ಹೋದರು. ಅಲ್ಲಿ ವಂಶದ ಯಜಮಾನಿಕೆ ಸಡಿಲಿತು, ಹೊರಲೋಕವನ್ನು ಬಲ್ಲವನು ಮುಂದಾಳಾದನು.

ಅದೇ ಗ್ರಂಥದಲ್ಲಿ ನೀರಾವರಿಯ ಊರಿನ ಒಂದು ಪ್ರಸಂಗವಿದೆ. ಊರಿನ ಆದಿಕರ್ನಾಟಕ ತರುಣರು ನಾಟಕವಾಡಲು ಸಿದ್ಧರಾದರು. ನಾಟಕದಲ್ಲಿ ರಾಜನ ಪಾತ್ರವಿದ್ದಿತು, ರಾಜ ಸಿಂಹಾಸನದ ಮೇಲೆ ಕೂರಬೇಕಾಗಿದ್ದಿತು. ತಮ್ಮ ಆಳಿನ ಕುಲದವನೊಬ್ಬ ಸಿಂಹಾಸನವನ್ನೇರುವುದನ್ನು ಭೂಮಾಲೀಕರು ಸಹಿಸಲಿಲ್ಲ. ಅವರನ್ನು ಕೆಲಸಕ್ಕೆ ಕರೆಯದಿರುವ ಬಹಿಷ್ಕಾರಕ್ಕೆ ಮುಂದಾದರು. ಬಯಲುನಾಟಕದ ಮರದ ಹಲಗೆಯ ಸಿಂಹಾಸನ ಅದು, ಬೆಳಗಾಗುವುದರೊಳಗೆ ಕಳಚಿಡುವಂಥದು. ಆದರೂ ಅದರ ಮೇಲೆ ಯಾರು ಕೂರಬೇಕೆಂಬುದು ಅಂದು ಇಡೀ ಊರಿನ ಪ್ರಶ್ನೆಯಾಯಿತು. 1973ರಲ್ಲಿ ಪ್ರಕಟವಾದ ಪುನರಧ್ಯಯನದಲ್ಲಿ, ಸಂಪತ್ತು ಬೆಳೆದಂತೆ ದಲಿತ ಕುಟುಂಬಗಳಿಗೂ ಭೂಮಾಲೀಕರಿಗೂ ನಡುವಿನ ಅಂತರವೂ ಬೆಳೆದುದನ್ನು ಅದೇ ವಿದುಷಿ ತೋರಿಸಿಕೊಟ್ಟರು. ನಾಲೆಗಾಗಿ ಒಗ್ಗೂಡಿದ ರೈತಸಮೂಹದಲ್ಲಿ ಗದ್ದೆಯಿಲ್ಲದವನಿಗೆ ಸ್ಥಾನವಿರಲಿಲ್ಲ. 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಯವನು ಅದರ ಹೊರಗೆ ಉಳಿದನು.

ಸ್ವಾತಂತ್ರ್ಯಾನಂತರದ ಪ್ರಯತ್ನಗಳಲ್ಲಿ ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನದು ಮೌನವಾದ ಕೆಲಸ. ಜಯಪ್ರಕಾಶ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಇದನ್ನು ಸ್ಥಾಪಿಸಿ, ಆಶ್ರಯವಿಲ್ಲದ ಮಕ್ಕಳ ಪಾಲನೆ, ಖಾದಿ, ಸಹಜ ಕೃಷಿಗಳಲ್ಲಿ ತೊಡಗಿದರು. ಪು.ತಿ.ನ. ಅವರ ಮಲೆದೇಗುಲದಿಂದ ಕನ್ನಡಿಗರ ಮನಸ್ಸಿನಲ್ಲಿ ನೆಲೆನಿಂತ ಬೆಟ್ಟ ಹೀಗೆ ಸರ್ವೋದಯದ ನೆಲೆಯೂ ಆಯಿತು. ಇಂಥ ಸಂಸ್ಥೆಗಳಿಂದ ಚುನಾವಣೆಯ ಧುರೀಣರು ಹೊರಬರುವುದು ಅಪರೂಪ. ಊರಿಗೆ ಮರಳಿ ದುಡಿಯುವವರು ಹೊರಬರುತ್ತಾರೆ. ಇತಿಹಾಸಕಾರನ ಲೆಕ್ಕಕ್ಕೆ ಅವರು ಸಿಗುವುದಿಲ್ಲ.

ಲೆಕ್ಕಕ್ಕೆ ಸಿಗುವಂಥದು ರೈತಸಂಘ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತಬಂಡಾಯದ ಹಿನ್ನೆಲೆಯಲ್ಲಿ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿ ಮೊದಲಾದವರಿಂದ ಕಟ್ಟಲ್ಪಟ್ಟ ಕರ್ನಾಟಕ ರಾಜ್ಯ ರೈತಸಂಘ ಪಾಂಡವಪುರದ ಸೀಮೆಯಲ್ಲಿ ಆಳವಾಗಿ ಬೇರೂರಿತು. ಅನುಮತಿಯಿಲ್ಲದೆ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂಬ ಫಲಕಗಳು ಹಳ್ಳಿಗಳ ಮುಂದೆ ನಿಂತವು. ಸಾಲಕ್ಕಾಗಿ ಜಪ್ತಿ ಮಾಡಿದ ವಸ್ತುಗಳನ್ನು ರೈತರು ಮರಳಿ ತಂದರು. ಹೆಗಲ ಮೇಲಿನ ಹಸುರು ಶಾಲು ಗುರುತಾಯಿತು. ಕ್ಯಾತನಹಳ್ಳಿಯ ಕೆ. ಎಸ್. ಪುಟ್ಟಣ್ಣಯ್ಯನವರು ಈ ಸಂಘಟನೆಯ ಅಂಗಳದಲ್ಲೇ ಬೆಳೆದ ಮುಂದಾಳು. ಕಬಡ್ಡಿಯ ಆಟಗಾರರಾಗಿ ಊರೂರಿನ ತರುಣರ ಪರಿಚಯವಿದ್ದ ಅವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡುದೂ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ. 2023ರಲ್ಲಿ ಅವರ ಪುತ್ರ ದರ್ಶನ್ ಅದೇ ಕ್ಷೇತ್ರದಿಂದ ಗೆದ್ದರು. ವಂಶದ ಹುದ್ದೆಯನ್ನು ಪ್ರಶ್ನಿಸಿ ಹುಟ್ಟಿದ ರೈತಮುಖಂಡತ್ವ ತಂದೆಯಿಂದ ಮಗನಿಗೆ ಸಾಗಿದುದನ್ನು ಕೆಲವರು ಆಕ್ಷೇಪಿಸಬಹುದು. ಮತಪೆಟ್ಟಿಗೆಯ ಮೂಲಕ ಸಾಗಿತೆಂಬ ವ್ಯತ್ಯಾಸವನ್ನೂ ಆಕ್ಷೇಪಿಸುವವರು ಗಣಿಸಬೇಕು. ರೈತಸಂಘದ ಕೊಡುಗೆಗಳಲ್ಲಿ ಬಹುಕಾಲ ನಿಲ್ಲತಕ್ಕದ್ದು ಪ್ರಾಯಶಃ ಸರಳ ವಿವಾಹಗಳು. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಕುವೆಂಪುರವರ ಮಂತ್ರಮಾಂಗಲ್ಯದ ಆದರ್ಶದಿಂದ ನಡೆದ ಆ ವಿವಾಹಗಳು ಬೆಲೆ ಮತ್ತು ನೀರಿನ ಹೋರಾಟವನ್ನು ಮನೆಯ ಒಳಗಿನ ಪ್ರಶ್ನೆಗೆ ಕೊಂಡೊಯ್ದವು.

ಮನೆಯ ಒಳಗಿನ ಪ್ರಶ್ನೆಗೆ ಶಾಸನದ ಬಾಗಿಲು ತೆರೆದುದು ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ. 1983ರ ಶಾಸನದಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಅದು ಮೂರನೆಯ ಒಂದು ಭಾಗವಾಯಿತು. 2010ರ ತಿದ್ದುಪಡಿಯಿಂದ ಅರ್ಧಕ್ಕೆ ಏರಿತು. ಗಂಡನೋ ಮೈದುನನೋ ಸದಸ್ಯೆಯ ಪರವಾಗಿ ಸಭೆಯಲ್ಲಿ ಕೂರುವುದನ್ನು ಕಂಡು ನಕ್ಕವರು ಬಹಳ. ನಗುವವರು ಒಂದನ್ನು ಮರೆತರು: ಪಟೇಲನಿಗೆ ತಲೆಮಾರುಗಳ ಶಿಕ್ಷಣವಿತ್ತು, ರೈತಮುಖಂಡನಿಗೆ ಚಳವಳಿಯ ಶಿಕ್ಷಣವಿತ್ತು. ಆಯ್ಕೆಯಾದ ಹೆಣ್ಣುಮಗಳಿಗೆ ಕಡತ ಓದುವುದನ್ನೂ, ಎದ್ದು ನಿಂತು ಪ್ರಶ್ನಿಸುವುದನ್ನೂ ಆಯ್ಕೆಯಾದ ಮೇಲೆಯೇ ಕಲಿಸಬೇಕಾಯಿತು. ಮೈಸೂರಿನಲ್ಲಿರುವ, ನಜೀರ್ ಸಾಬರ ಹೆಸರನ್ನೇ ಹೊತ್ತ ಗ್ರಾಮೀಣಾಭಿವೃದ್ಧಿ ಸಂಸ್ಥೆ ಈ ತರಬೇತಿಯನ್ನು ನಡೆಸುತ್ತ ಬಂದಿದೆ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಬರೆಯುವುದು ಅದಕ್ಕಿಂತ ಚಿಕ್ಕ ಶಾಲೆಯಾದರೂ ಮನೆಯಂಗಳಕ್ಕೆ ಹತ್ತಿರವಾದುದು. ಜಾತಿಯ ಬೀದಿಗಳಿಗೆ ತಕ್ಕಂತೆ ಗುಂಪುಗಳು ಬೇರೆಬೇರೆಯಾಗಿ ಏರ್ಪಟ್ಟುದೇ ಅದರ ದೌರ್ಬಲ್ಯ.

ಇವೆಲ್ಲದರ ಅಗತ್ಯ ಎಷ್ಟು ತೀವ್ರವಾದುದೆಂಬುದು 2023ರ ಕೊನೆಯಲ್ಲಿ ಬಯಲಾಯಿತು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗುಟ್ಟಾಗಿ ಯಂತ್ರವಿರಿಸಿಕೊಂಡು ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆ ಮಾಡಲಾಗುತ್ತಿದ್ದಿತೆಂಬುದು ಪೊಲೀಸರ ತನಿಖೆಯಿಂದ ಹೊರಬಂದಿತು. ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ ಶಾಸನಕ್ಕೆ ಆಗಲೇ ಸುಮಾರು ಮೂವತ್ತು ವರ್ಷಗಳಾಗಿದ್ದವು. ಇರ್ವಿನ್ ನಾಲೆಯ ನೀರಿನಿಂದ ಬೆಳೆದ ಕಬ್ಬು ಬೆಲ್ಲವಾಗುವ ಸ್ಥಳ ಆಲೆಮನೆ; ಈ ಸೀಮೆಯ ಸಮೃದ್ಧಿಗೆ ಅದಕ್ಕಿಂತ ಪರಿಚಿತವಾದ ಗುರುತಿಲ್ಲ. ಅಲ್ಲಿಗೆ ಬಸುರಿಯರನ್ನು ಕರೆತರುವ ಮಧ್ಯವರ್ತಿಗಳ ಜಾಲವೂ ಒಂದು ಜಾಲವೇ: ಊರು, ನೆಂಟಸ್ತನ, ನಂಬಿಕೆ ಎಂಬ ಎಳೆಗಳಿಂದಲೇ ಅದೂ ನೇಯಲ್ಪಟ್ಟಿತ್ತು. ಅದನ್ನು ಮೊದಲು ಅರಿಯಬಲ್ಲವರು ಊರಿನ ಹೆಂಗಸರು. ಯಾರ ಮನೆಯಲ್ಲಿ ಎಷ್ಟನೆಯ ಬಸಿರು, ಯಾವ ತಿಂಗಳಲ್ಲಿ ಯಾರು ಎರಡು ದಿನ ಊರಲ್ಲಿರಲಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಗರ್ಭಿಣಿಯರ ಹೆಸರು ಬರೆದುಕೊಳ್ಳುವ ಕೆಲಸವನ್ನು ಈಗ ಊರೂರಿನಲ್ಲಿ ಮಾಡುತ್ತಿರುವವರು ಆಶಾ ಕಾರ್ಯಕರ್ತೆಯರು. ಅವರಲ್ಲಿ ಬಹುಮಂದಿ ಅದೇ ಊರಿನ ಸೊಸೆಯಂದಿರು, ಅವರು ಪ್ರಶ್ನಿಸಬೇಕಾದುದು ತಮ್ಮ ನೆರೆಮನೆಯ ಅತ್ತೆ, ಮಾವಂದಿರನ್ನು.